ಹೇಂಟೆ ದಾಟಿದ ಬಟ್ಟೆ

ಮೊದಲ ತಪ್ಪು ನನ್ನದೇ.
ಅದರ ರೆಕ್ಕೆಯಿಂದಲೇ ಗರಿ ಕಿತ್ತಿದ್ದೆ,
ಕೇಳದೆ.

ಮರಗೆಣಸಿನ ಗಂಜಿಗೆ ಚಿಟಿಕೆ ಮೈಲುತುತ್ತ,
ತಳ ಹಿಡಿಯದಂತೆ ತಿರುವಿ, ಸೋಸಿ,
ಆ ಗರಿಯಲ್ಲೇ ಬರೆಯುತ್ತ ಕೂತಿದ್ದೆ ಅಂಗಳದಲ್ಲಿ:
ಇಪ್ಪತ್ತು ಚೌಕ, ಚೌಕಕ್ಕೊಂದು ಚಿತ್ತಾರ—
ಹಲ್ಲಿ, ಬಾಚಣಿಗೆ, ಗೆಣಸಿನೆಲೆ,
ಓಗುನ್ ಹೊಳೆಯ ಹಳೆ ಸೇತುವೆ.
ಗಂಜಿ ಕೂತಲ್ಲಿ ನೀಲಿ ಕೂರದು.
ನನ್ನ ಕಸುಬಿನ ಮುಕ್ಕಾಲು ಪಾಲು
ಬಣ್ಣಕ್ಕೆ ಬೇಡ ಎನ್ನುವುದು.

ಪಕ್ಕದ ಇಬಿದುನ್ ಬೀದಿಯಿಂದ ಕೂಗಿದಳು,
ಹಳೆಯ ಸಾಲದ ಮಾತಿಗೆ.
ಎದ್ದು ಹೋಗಿ ಬರುವಷ್ಟರಲ್ಲಿ
ಹೇಂಟೆ ಈ ಬದಿಯಿಂದ ಆ ಬದಿಗೆ ದಾಟಿಯಾಗಿತ್ತು
ಹಲ್ಲಿಯ ಬಾಲ ಕುಕ್ಕಿ ತಿಂದು,
ಖಾಲಿ ಬಿಟ್ಟ ಬಯಲಲ್ಲೆಲ್ಲ
ಗಂಜಿಗಾಲಿನ ಮೂರು ಬೆರಳು ಊರಿ.
ಕಲ್ಲು ಬೀಸಿದೆ. ಬೇಲಿಗೆ ಬಿತ್ತು.

ಬೇರೆ ಬಟ್ಟೆಗೆ ದುಡ್ಡೆಲ್ಲಿ?
ಒಣಗಿದ್ದನ್ನು ಒಣಗಿದ ಹಾಗೇ
ಹರವಿಗೆ ಇಳಿಸಿದೆ.

ಎಲು ಸೊಪ್ಪಿನ ಉಂಡೆ, ಬೂದಿ ಬಸಿದ ನೀರು,
ಏಳು ದಿನದ ಹುದುಗು.
ನಾತ ಬಂದರೆ ಹದ ಬಂತು.
ಅತ್ತೆ ನಾಲಗೆಗೆ ಮುಟ್ಟಿಸಿ ಹೇಳುತ್ತಿದ್ದಳು;
ನಾನು ಮೂಗನ್ನೇ ನಂಬಿದವಳು.
ಅದ್ದಿ, ಎತ್ತಿ, ಗಾಳಿಗೆ ಹಿಡಿದರೆ
ಮೊದಲು ಹಸಿರು, ಪಿತ್ತದಂತೆ.
ಹತ್ತು ಎಣಿಸುವಷ್ಟರಲ್ಲಿ ಒಳಗಿಂದ ನೀಲಿ ಏರುತ್ತದೆ
ಏಟು ಬಿದ್ದ ಮೈಗೆ ಏರುವ ಹಾಗೆ.
ಹನ್ನೆರಡು ಸಲ.
ಮೊಳಕೈವರೆಗೆ ನಾನೂ.

ಬಟ್ಟೆ ಹೇಳಿಹೋದವಳು ಅವೆರೊ, ಶಾಲೆಯ ಟೀಚರು,
ತಾಯಿ ತೀರಿದ ನಲವತ್ತನೆಯ ದಿನಕ್ಕೆ.
ಗಂಜಿ ಕೆರೆದು ತೊಳೆದಿದ್ದನ್ನು ಬಿಚ್ಚಿ ನೋಡಿದಳು.
ದರ ಇಳಿಸೋಣವೆಂದು ನಾನು ಬಾಯಿ ತೆರೆಯುವ ಮೊದಲೇ
ಬೆರಳಿಟ್ಟಳು ಒಂದು ಬಿಳಿ ಹೆಜ್ಜೆಯ ಮೇಲೆ:
‘ಇದಕ್ಕೇನು ಹೆಸರು?’

ಇಟೋಕು ಸಂತೆಯಲ್ಲಿ ಹೆಸರಿಲ್ಲದ ಚಿತ್ತಾರ
ಯಾರೂ ಕೊಳ್ಳುವುದಿಲ್ಲ.
ಸುಳ್ಳು ತಾನಾಗಿ ಬಂತು:
‘ಅವ್ವ ಹೇಳದೆ ಹೊರಟಳು.’

ಅವೆರೊ ಮಾತಾಡಲಿಲ್ಲ.
ಹೆಜ್ಜೆಗಳ ಹಿಂದೆ ಬೆರಳು ನಡೆಸಿದಳು
ಹಲ್ಲಿಯನ್ನು ಬಳಸಿ, ಸೇತುವೆ ದಾಟಿ,
ಅಂಚಿನವರೆಗೆ.
ಅಲ್ಲಿ ಅವು ಬಟ್ಟೆ ಬಿಟ್ಟು ಇಳಿದಿದ್ದವು.
ಪೂರ್ತಿ ದರ ಕೊಟ್ಟಳು. ಚಿಲ್ಲರೆ ಕೇಳಲಿಲ್ಲ.

ಮುಂದಿನ ಸಂತೆಗೆ ಮೂವರು ಬಂದರು
ಅದೇ ಬೇಕು, ಅವ್ವನದು ಬೇಕು ಎಂದು.
ಬಟ್ಟೆ ಹಾಸಿದೆ. ಗಂಜಿ ಬಳಿದೆ.
ನಡುವೆ ಜೋಳ ಎರಚಿ
ಬಾ ಬಾ ಎಂದು ಗೋಗರೆದೆ.

ಹೇಂಟೆ ಬಂತು.
ಅಂಚು ಮೆಟ್ಟದೆ ಒಂದು ಸುತ್ತು ಹಾಕಿ,
ಕತ್ತು ನೀಡಿ ಸಿಕ್ಕಷ್ಟು ಹೆಕ್ಕಿ
ಹೋಯಿತು.