ಕಂಸದೊಳಗಿನ ಗೀಟು

ಹೊಸ ಪದ್ಧತಿಯಲ್ಲಿ ಹೆಸರು ಬರೆಯಿರೆಂದು ಮೇಲಿನಿಂದ ಚೀಟಿ ಬಂತು.
ಧಾರವಾಡದ ಹಳೇ ಕಾಲೇಜು, ಹೆಂಚಿನ ಪ್ರಯೋಗಶಾಲೆ,
ನೂರಾ ಹನ್ನೆರಡು ಬಾಟಲಿ,
ಡಬ್ಬಿ ತುಂಬ ಖಳಿ, ಕರಗಿಸಿದ ಮೇಣ,
ನಾನು, ಮತ್ತೆ ಅಟೆಂಡರ್ ಮೌಲಾಸಾಬ ಕಿಲ್ಲೇದಾರರು,
ಆಸಿಡ್ಡು ತಿಂದ ತೂತುಗಳ ಖಾಕಿ ಅಂಗಿಯಲ್ಲಿ.

ಅವರಿಗೆ ಬರುತ್ತಿದ್ದ ಕೆಮಿಸ್ಟ್ರಿ ಎರಡು ಬಾಲ:
ಅಸ್, ಇಕ್.
"ಅಸ್ ಅಂದ್ರ ಸಣ್ಣಾಂವ ಅಕ್ಕೋರ, ಇಕ್ ಅಂದ್ರ ದೊಡ್ಡಾಂವ.
ಫೆರಸ್ ಹಸರು, ಫೆರಿಕ್ ಕಾವಿ. ಮುಗೀತು."

ಮುಗಿಯುವುದೆಲ್ಲಿ? ತಾಮ್ರದ ಸಣ್ಣವನದು ಒಂದು,
ಕಬ್ಬಿಣದ ಸಣ್ಣವನದು ಎರಡು,
ತವರದ ದೊಡ್ಡವನದು ನಾಲ್ಕು, ಎಂದೆ.
"ಇರಲೇಳ್ರಿ. ನಮ್ಮ ಓಣ್ಯಾಗ
ಕಂಚಗಾರರ ಹಿರೇಮಗ, ಕಂಬಾರರ ಕಿರೇಮಗ
ವಾರಗೀಯವರ ಅದಾರ."

ನಾನು ಕನ್ನಡ ಸಾಲೆಯ ಹುಡುಗಿ.
ಉತ್ಕರ್ಷಣ ಎಂದು ಮೊದಲು ಓದಿದಾಗ
ಯಾರದೋ ಏಳಿಗೆ ಎಂದುಕೊಂಡಿದ್ದೆ.
ಕಳಕೊಳ್ಳುವುದರ ಹೆಸರಂತೆ ಅದು.
ಪಡೆದವನು ಅಪಕರ್ಷಣದ ಲೆಕ್ಕಕ್ಕೆ.
ಪರೀಕ್ಷೆಯಲ್ಲಿ ತಿರುವುಮುರುವು ಬರೆದು
ನನಗೂ ಎರಡು ಅಂಕ ಉತ್ಕರ್ಷಣವಾಯಿತು.

ಈಗ ಬಾಲ ಬೇಡ.
ಲೋಹದ ಹೆಸರು, ಮಗ್ಗುಲಲ್ಲಿ ಕಂಸ,
ಕಂಸದೊಳಗೆ ರೋಮನ್ ಗೀಟು.
"ಈ ಗೀಟು ಯಾಕ್ರೀ?"
ಎಷ್ಟು ಕಳಕೊಂಡೈತಿ ಅನ್ನೋ ಲೆಕ್ಕ.
ಕುಂಚ ಖಳಿಯಲ್ಲೇ ನಿಂತಿತು.
"ಅದನ್ನ ಹೆಸರಿನ ಬಾಜೂಕ ಬರದು
ಎಲ್ಲಾರಿಗೂ ಕಾಣೂ ಹಂಗ ಅಂಟಸ್ತಾರೇನ್ರಿ?"

ಫೆರಸ್ ಸಲ್ಫೇಟಿನ ಬಾಟಲಿ ಎತ್ತಿದೆ.
ಬೇರೆ ಕಡೆ ಇದು ಮೂರೇ ತಿಂಗಳಿಗೆ ಹಳದಿ;
ಚೀಟಿ ಮಾತ್ರ ಫೆರಸ್ ಫೆರಸ್ ಎಂದು
ಸುಳ್ಳು ಸಾಕ್ಷಿ ಹೇಳುತ್ತಿರುತ್ತದೆ.
ಇಲ್ಲಿ ಇನ್ನೂ ಎಳೆ ಹಸಿರು.
ತಳದಲ್ಲೊಂದು ಮೊಳೆ.
"ಲೈನ್ ಬಜಾರದ್ದ್ರೀ, ದೀಡ ಇಂಚು.
ಗಾಳಿ ಕಸಗೊಂಡದ್ದನ್ನ ಇದು ತಿರುಗಿ ಕೊಡತೈತಿ.
ಹಿಂದಿನ ಸಾಹೇಬರು ತೋರಿಸಿದ್ರು, ವರ್ಷಕ್ಕೊಂದು ಹಾಕ್ತೀನಿ."
ಬಿಲ್ಲು?
"ಒಂದು ಮೊಳಿಗೆ ಎಂಥಾ ಬಿಲ್ಲು."

ಸವೆದು ದಬ್ಬಣದಷ್ಟಾಗಿತ್ತು.
ಕೊಟ್ಟು ಕೊಟ್ಟು, ಅದೂ ಎರಡೆರಡೇ ಗೀಟಾಗಿ
ಆ ಹಸಿರಿನೊಳಗೇ ಸೇರುತ್ತಿತ್ತು.

ಹೆಸರು ಬರೆದೆ. ಕಂಸ ಹಾಕಿದೆ. ಗೀಟೆಳೆದೆ, ಎರಡು.
ಮೌಲಾಸಾಬರು ಮೇಣ ಸವರಿ
ಹೆಬ್ಬೆರಳಿಂದ ಅಂಚು ಒತ್ತಿದರು.
ಮೊಳೆಯ ಸಂಗತಿ ಬರೆಯಲು ಚೀಟಿಯಲ್ಲಿ ಜಾಗವಿರಲಿಲ್ಲ,
ನನಗೆ ಹೊಳೆಯಲೂ ಇಲ್ಲ.

ಸೋಮವಾರ ಮೊದಲ ಬ್ಯಾಚು.
ನವಲಗುಂದದ ಕಡೆಯ ಹುಡುಗಿಯೊಬ್ಬಳು
ಬಾಟಲಿ ಕಿವಿಗೆ ಹಿಡಿದು ಅಲುಗಿಸಿ ಅಂದಳು:
"ಮೇಡಂ, ಇದರಾಗ
ಏನೋ ಸಣ್ಣಗ ಸಪ್ಪಳ ಆಗಾಕತ್ತೈತಿ."