ಎರಡನೇ ಕಾಲಂ

ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಮೆಲ್ಲಗೆ ಆಡಿದ್ದು
ಆಡಿದ ಲೆಕ್ಕಕ್ಕೇ ಇಲ್ಲ.
ಒಲೆಗೆ ಹೊಟ್ಟು ಊದುವ ಬ್ಲೋವರಿನ ಮೊರೆತ,
ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು,
ಜರಡಿಯ ಮೇಲೆ ಜರಡಿ.
ಹಾಗಾಗಿ ಹುಟ್ಟುತ್ತಲೇ ಕೂಗು ಕಲಿತವಳು ನಾನು.
ಉಪ್ಪು ಕೇಳಿದರೂ ಜಗಳಕ್ಕೆ ಬಂದಂತಿರುತ್ತಿತ್ತು.

ಬಿ.ಕಾಂ. ಎರಡನೇ ವರ್ಷದ ಸೆಮಿನಾರು.
ಸಣ್ಣ ವ್ಯಾಪಾರದ ಲೆಕ್ಕಪತ್ರ, ನನ್ನ ವಿಷಯ.
ಹನ್ನೆರಡು ನಿಮಿಷದ್ದನ್ನು ಏಳರಲ್ಲಿ ಮುಗಿಸಿ,
ಮೈಕಿಲ್ಲದೆ ಕಾರಿಡಾರಿನ ಕೊನೆಗೂ ಮುಟ್ಟಿಸಿ,
ಬೆಂಚಿಗೆ ಬಂದು ಕೂತು
ನನಗೆ ನಾನೇ ಶಭಾಷ್ ಅಂದುಕೊಂಡೆ.

ಜಾನಕಿಬಾಯಿ ಮೇಡಂ ಏನೂ ಅನ್ನಲಿಲ್ಲ.
ನನ್ನ ನೋಟ್‌ಬುಕ್ಕಿನ ಖಾಲಿ ಹಾಳೆಗೆ ಸ್ಕೇಲಿಟ್ಟು
ನಡುವೆ ಒಂದು ಗೆರೆ ಎಳೆದರು.
ಎಡಕ್ಕೆ: ನಾನು ಹೇಳಿದ್ದು.
ಬಲಕ್ಕೆ: ಅವರಿಗೆ ಕೇಳಿಸಿದ್ದು.
'ದಿನಾ ಬರಿ ಮುಬೀನಾ. ನನಗೆ ತೋರಿಸಬೇಡ.'

ಎಡಗಡೆ ಸಲೀಸು.
ಹೇಳಿದ್ದೆಲ್ಲ ನೆನಪಿತ್ತು,
ಹೇಳಬೇಕೆಂದಿದ್ದದ್ದೂ ಮೆಲ್ಲಗೆ ಬಂದು ಸೇರುತ್ತಿತ್ತು.
ಕಂಡಕ್ಟರಿಗೆ ಅಂದದ್ದು, ತಮ್ಮನಿಗೆ ಬೈದದ್ದು,
ಲೈಬ್ರರಿಯಲ್ಲಿ ವಾದಿಸಿ ಗೆದ್ದದ್ದು,
ಪುಟ ತುಂಬಿ ಅಂಚಿಗೂ ಹರಿಯಿತು.
ಬಲಗಡೆ
ಒಂಬತ್ತು ದಿನ ಬರೀ ಬಿಳಿ.
ಊಹಿಸಿ ಬರೆದೆ, ಹೊಡೆದು ಹಾಕಿದೆ.
ಊಹೆಯಲ್ಲೂ ನನ್ನದೇ ದನಿ ಜೋರಾಗಿತ್ತು.

ಹತ್ತನೇ ದಿನ ಹಾಲಮ್ಮನನ್ನು ಕೇಳಿದೆ,
ಪಿ.ಬಿ. ರೋಡಿನ ಗಾಡಿಯ ಮುಂದೆ,
ನರ್ಗಿಸ್ ಮಂಡಕ್ಕಿ ಪೊಟ್ಟಣ ಅವಳ ಕೈಯಲ್ಲಿ:
ಅವತ್ತು ಸೆಮಿನಾರಿನಲ್ಲಿ ನಿನಗೇನು ಕೇಳಿಸ್ತು?
ಅವಳು ಮಿರ್ಚಿಯ ತೊಟ್ಟು ಬದಿಗಿಟ್ಟಳು.
'ಬ್ಯಾಸರ ಮಾಡ್ಕೋಬ್ಯಾಡ.
ಅರ್ಥ ಆಯ್ತಾ ಅಂತ ಹದಿನೇಳು ಸಲ ಕೇಳ್ದಿ.
ಎಣಿಸಿದೆ ನಾನು, ಬ್ಯಾರೆ ಕೆಲಸ ಇರಲಿಲ್ಲ.
ಒಂದ್ ಸಲನಾದ್ರೂ ಉತ್ತರಕ್ಕೆ ನಿಲ್ಲಲಿಲ್ಲ ನೀನು.'

ಬ್ಯಾಸರ ಆಯಿತು.
ಎರಡು ದಿನ ಅವಳ ಜೊತೆ ಮಾತು ಬಿಟ್ಟೆ,
ಅದನ್ನೂ ಎಡಗಡೆಯೇ ಬರೆದೆ.

ಮೂರನೇ ಸಂಜೆ ಅಬ್ಬಾಗೆ ಬುತ್ತಿ ಕೊಡಲು ಭಟ್ಟಿಗೆ ಹೋದೆ.
ಇಪ್ಪತ್ತಾರು ವರ್ಷದ ಬ್ಲೋವರು
ಅವರ ಬಲಗಿವಿ ತಿಂದು ಹಾಕಿದೆ.
ಜರಡಿ ಹಿಡಿದ ಹುಡುಗನಿಗೆ ಏನೋ ಹೇಳಬೇಕಿತ್ತು.
ಎದ್ದರು. ಅವನೆದುರು ಹೋದರು. ಭುಜ ಮುಟ್ಟಿ
ಅವನು ಮುಖ ಎತ್ತುವ ತನಕ ಕಾದರು.
ಎರಡೇ ಮಾತು.
ಆಮೇಲೂ ಅಲ್ಲೇ ನಿಂತರು, ಅವನ ತುಟಿ ನೋಡುತ್ತ.
ಮೊದಲು ಬರೆದದ್ದು ತಪ್ಪು.
ಆ ಮೊರೆತದೊಳಗೆ ಎಲ್ಲರೂ ಹೀಗೇ ಆಡುತ್ತಿದ್ದರು,
ಅಷ್ಟು ವರ್ಷ ಕೂಗಿದವಳು ನಾನೊಬ್ಬಳೇ.

ಮೊನ್ನೆ ಮತ್ತೆ ನನ್ನ ಸರದಿ.
ಅರ್ಧ ಬೋರ್ಡಿಗೆ ನಿಲ್ಲಿಸಿ ಕೇಳಿದೆ:
ಅರ್ಥ ಆಯ್ತಾ?
ಸುಮ್ಮನಾದೆ.
ಫ್ಯಾನಿನ ಟಕ್ ಟಕ್.
ಹೊರಗೆ ಯಾವುದೋ ಲಗೇಜ್ ಆಟೋ ಹಿಂದಕ್ಕೆ ಬರುತ್ತಿತ್ತು.
ನಾಲಿಗೆ ಹಗ್ಗ ಜಗ್ಗುವ ಕರುವಿನಂತೆ ಎಳೆಯಿತು,
ಹಿಡಿದೆ.
ಹಾಲಮ್ಮ ಪೆನ್ನು ಎತ್ತಿ ನನ್ನನ್ನೇ ನೋಡಿದಳು.
ಆಗ ಕೊನೆಯ ಬೆಂಚಿನ ತಿಪ್ಪೇಶಿ,
ವರ್ಷವಿಡೀ ಹಾಜರಿಗೆ ಬಿಟ್ಟು ಬಾಯಿ ಬಿಡದವನು,
ತಲೆ ತಗ್ಗಿಸಿಕೊಂಡೇ ಅಂದ:
'ಇಲ್ಲ.'

ಬಲಗಡೆಯ ಮೊದಲ ಎರಡಕ್ಷರ.
ಆಮೇಲೆ ಬರೆದರಾಯಿತೆಂದು
ಸೀಮೆಸುಣ್ಣ ಕೆಳಗಿಟ್ಟು
ಅವನ ಬೆಂಚಿನ ತನಕ ನಡೆದೆ.