ಬರಿ ನೆಲ

ದಾವಣಗೆರೆ ಮಾರುಕಟ್ಟೆ ಪ್ರಾಂಗಣದ ಹಿಂದಿನ ಕೋಣೆ.
ಸರ್ವರ್ ಒಂದು, ಎಸಿ ಒಂದು, ನಾನೊಬ್ಬಳು.
ಮೂರು ಗಂಟೆಗೆ ಟೆಂಡರ್ ತೆರೆದರೆ ಸಾಕು
ಪರದೆ ಮೇಲೆ ಚಕ್ರ ಸುತ್ತುತ್ತದೆ,
ಹೊರಗೆ ದಲಾಲರು ಸುತ್ತುತ್ತಾರೆ:
"ಏನ್ ಮೇಡಮ್ಮೋರೆ, ನಿಮ್ ಮಿಷನ್ನು ಮಲಗೈತೇನು?"

ಕಾರಣ ನನಗೆ ಗೊತ್ತು.
ಡೇಟಾಬೇಸ್ ತನ್ನ ಲೆಕ್ಕ ತಾನೇ ಇಡುತ್ತದೆ,
ಅದನ್ನೇ ಫೈಲ್ ಸಿಸ್ಟಂ ಇನ್ನೊಮ್ಮೆ ಇಡುತ್ತದೆ.
ಒಂದೇ ಚೀಲಕ್ಕೆ ಇಬ್ಬರು ಗುಮಾಸ್ತರು,
ಇಬ್ಬರ ಕಿವಿಯಲ್ಲೂ ಪೆನ್ನು.
ಒಬ್ಬನನ್ನು ಮನೆಗೆ ಕಳಿಸಿದರೆ?

ಕಿಟಕಿಯಾಚೆ ಮೆಕ್ಕೆಜೋಳ
ಬರಿ ಸಿಮೆಂಟಿನ ಮೇಲೆ, ಚೀಲವಿಲ್ಲ, ಚೀಟಿಯಿಲ್ಲ.
ಲಾರಿ ಹಿಂದಕ್ಕೆ ಬಂತು, ಬಾಗಿಲು ಬಿಚ್ಚಿತು, ಸುರಿಯಿತು, ಹೋಯಿತು.
ಇಷ್ಟು ಬೇಗ ಯಾವ ಗೋದಾಮೂ ತುಂಬುವುದಿಲ್ಲ.
ಯಾವ ರಾಶಿ ಯಾರದು?
ಖಲಂದರ್ ಸಾಬರನ್ನು ಕೇಳಬೇಕು.
ರಾಶಿಗಳ ನಡುವಿನ ಗೇಣು ಜಾಗ ನೋಡಿಯೇ ಹೇಳುತ್ತಾರೆ.

ಅಂದು ರಾತ್ರಿ ಎರಡನೇ ಡಿಸ್ಕಿನ ಮೇಲಿದ್ದದ್ದೆಲ್ಲ ತೆಗೆದು
ಬರಿ ನೆಲವನ್ನೇ ಡೇಟಾಬೇಸಿನ ಕೈಗೆ ಕೊಟ್ಟೆ.
ಓಡಿತು.
ನೂರಕ್ಕೆ ಹನ್ನೊಂದು ಪಾಲು ಬೇಗ. ಹನ್ನೊಂದು!
ಒಬ್ಬಳೇ ಮಂಡಕ್ಕಿ ಪೊಟ್ಟಣ ಒಡೆದು
ಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸಿದೆ.

ಮೂರನೇ ವಾರ ಹೊಸ ಹುಡುಗ ಓಬಳೇಶ,
ಶ್ರದ್ಧೆಯವನು, ಹೇಳದೆಯೇ ಕಸ ತೆಗೆಯುವವನು:
"ಅಕ್ಕ, ಎರಡನೇ ಡಿಸ್ಕ್ ಸುಮ್ನೆ ಖಾಲಿ ಬಿದ್ದೈತಿ,
ಒಂದು ಫೈಲೂ ಕಾಣವಲ್ದು.
ಫಾರ್ಮ್ಯಾಟ್ ಹೊಡೆದು ಬ್ಯಾಕಪ್ ಇಡ್ಲಾ?"
ಬೆರಳು ಆಗಲೇ ಎಂಟರ್ ಮೇಲಿತ್ತು.

ಅವನದೇನು ತಪ್ಪು?
ಹೊನ್ನಾಳಿಯಿಂದ ಜಗಳೂರಿನವರೆಗಿನ
ತೂಕ, ದರ, ತೇವದ ಅಂಶ, ಪಾವತಿ ಎಲ್ಲ ಅಲ್ಲೇ ಇತ್ತು.
ಹೆಸರಿರಲಿಲ್ಲ, ಅಷ್ಟೆ.

ದೀಪಾವಳಿ ಹಿಂದಿನ ದಿನ ಸಾಬರಿಗೆ ಜ್ವರ ಬಂದು
ಎರಡು ರಾಶಿ ಒಂದೇ ಲಾಟಾಗಿ ತೂಗಿದ್ದು
ಆಗ ನೆನಪಾಯಿತು.
ಮರುದಿನ ಅವರು ಕಂಬಳಿ ಹೊದ್ದು ಬಂದು
ಒಂದು ಹಿಡಿ ಕಾಳು ಅಂಗೈಯಲ್ಲಿ ಹರಡಿ
ಬಹಳ ಹೊತ್ತು ನೋಡಿ, ಚೀಲಕ್ಕೇ ವಾಪಸು ಸುರಿದಿದ್ದರು.

ಫೈಲ್ ಸಿಸ್ಟಂ ಮತ್ತೆ ಹಾಕಿದೆ.
ಮನೆಯಿಂದ ಕರೆಸಿದ ಗುಮಾಸ್ತನಿಗೆ ಹೇಳಿದೆ:
ಬಾಗಿಲ ಮೇಲೆ ಹೆಸರು ಬರಿ, ಅದಕ್ಕೇ ನಿನ್ನ ಸಂಬಳ.
ಚೀಲ ಇಳಿಸಿಕೊಂಡು ಎಣಿಸಬೇಡ,
ನೇರ ಒಳಗೆ ಬಿಡು.

ಹನ್ನೊಂದರಲ್ಲಿ ಒಂಬತ್ತು ಉಳಿಯಿತು.
ಹೋದ ಎರಡು,
ಸಂಜೆ ಪ್ರಾಂಗಣ ಗುಡಿಸುವ ಹನುಮಕ್ಕ
ಮೊರ ತುಂಬ ಮನೆಗೊಯ್ಯುವಷ್ಟು.
ಒಯ್ಯಲಿ.

ದಲಾಲರು ಮೂರು ಗಂಟೆಗೆ ಈಗಲೂ ಬೈಯುತ್ತಾರೆ.